ಅಲೆಗೆ ಗೋಡೆ ಕಟ್ಟಿಸಿದ ನರಿ

ಒಂದು ಕಾಡಿನಲ್ಲಿ, ಅದೂ ಎಂಥ ಕಾಡು ಅಂತೀರಿ, ಅರ್ಧ ನೆಲದ ಮೇಲೆ, ಅರ್ಧ ಉಪ್ಪುನೀರಿನಲ್ಲಿ ನಿಂತ ಕಾಂಡ್ಲಾ ಕಾಡಿನಲ್ಲಿ, ಪದ್ಮಕ್ಕ ಎಂಬ ಮುಳ್ಳುಹಂದಿ ಇದ್ದಳು. ನದಿ ಕಡಲು ಸೇರುವ ದಂಡೆಯಲ್ಲೇ ಅವಳ ಬಿಲ. ಬಿಲದಲ್ಲಿ ಎರಡು ಮರಿ. ಮಳೆಗಾಲದ ಕಡಲಿಗೆ ದಂಡೆ ಕುಸಿದರೆ ಮರಿಗಳ ಗತಿ ಏನು ಎಂಬುದೊಂದೇ ಅವಳ ಚಿಂತೆ.

ಆ ಚಿಂತೆಯ ವಾಸನೆ ಸಂಕಪ್ಪ ನರಿಯ ಮೂಗಿಗೆ ಬಡಿಯಿತು. ಅವನಿಗೆ ಏಡಿ ಎಂದರೆ ಪ್ರಾಣ. ಆದರೆ ಏಡಿಗಳೆಲ್ಲ ಕಾಂಡ್ಲಾ ಬೇರಿನ ಸಂದಿಯಲ್ಲಿ. ಮೂತಿ ತೂರಿಸಿದರೆ ಮೂತಿಯೇ ಸಿಕ್ಕಿಬೀಳುತ್ತಿತ್ತು.

"ಪದ್ಮಕ್ಕಾ, ಈ ಬೇರು ನಂಬಿಕೊಂಡು ಸಂಸಾರ ಮಾಡ್ತೀರಲ್ಲ," ಎಂದ. "ನೀರು ಸಲೀಸಾಗಿ ಒಳಗೆ ಬರ್ತದೆ, ನೋಡಿ. ನೀವು ಗಿಡ ಕಡಿದುಕೊಡಿ, ನಾನು ಕಲ್ಲುಗೋಡೆ ಕಟ್ಟಿಕೊಡ್ತೇನೆ. ಕಡಲಪ್ಪ ಬಂದರೂ ಬಾಗಿಲಲ್ಲೇ ವಾಪಸ್."

ಕೆಸರಿನಿಂದ ಮುದಿ ಏಡಿ, ಎಲ್ಲರ ಏಡಜ್ಜಿ, ಕಣ್ಣು ಹೊರಹಾಕಿದಳು. "ಮಗಳೇ, ಅಲೆ ಎಂದರೆ ಸಿಟ್ಟಿನ ಅಳಿಯ. ಒಳಗೆ ಕರೆದು ಬೇರಿನ ಸಂದಿಯಲ್ಲಿ ನಾಲ್ಕು ಸುತ್ತು ತಿರುಗಿಸಿದರೆ ಸುಸ್ತಾಗಿ, ತಂದ ಮಣ್ಣನ್ನೂ ಇಟ್ಟು ಹೋಗ್ತಾನೆ. ಬಾಗಿಲು ಹಾಕಿದರೆ ಹೊಸಿಲನ್ನೇ ಕೀಳ್ತಾನೆ."

"ಅಡ್ಡಡ್ಡ ನಡೆದು ಅಜ್ಜಿಯ ಬುದ್ಧಿಯೂ ಅಡ್ಡವಾಗಿದೆ," ಎಂದು ನರಿ ನಕ್ಕ. ಪದ್ಮಕ್ಕನಿಗೂ ನಗು ಬಂತು. ಕಲ್ಲು ಕಣ್ಣಿಗೆ ಗಟ್ಟಿಯಾಗಿ ಕಾಣುತ್ತದಲ್ಲ.

ಕಡಿದಳು. ಹಲ್ಲು ಚುಳ್ ಎನ್ನುವವರೆಗೆ ಕಡಿದಳು. ಮೂಲೆಯ ಒಂದು ಮೆಳೆ ಮಾತ್ರ ಉಳಿಯಿತು. ಬಯಲಾದ ಕೆಸರಿನಲ್ಲಿ ನರಿ ದಿನಾ ಏಡಿ ಹೆಕ್ಕಿ ತಿಂದ. ತಪ್ಪಿಸಿಕೊಂಡವು ಏಡಜ್ಜಿಯ ಹಿಂದೆ ಆ ಮೆಳೆಗೆ ಓಡಿದವು. ಗೋಡೆಯೂ ಎದ್ದಿತು ಅನ್ನಿ. ಕಲ್ಲು ಉರುಳಿಸಿದ್ದು ಪದ್ಮಕ್ಕ, ಕೂತು ಅಪ್ಪಣೆ ಕೊಟ್ಟದ್ದು ಸಂಕಪ್ಪ.

ಮಳೆಗಾಲದ ಮೊದಲ ದೊಡ್ಡ ಉಬ್ಬರ ಬಂತು. ನರಿ ಗೋಡೆಯ ಮೇಲೆ ಬಾಲ ಚೆಲ್ಲಿ ಕೂತ. "ನೋಡಿ ಪದ್ಮಕ್ಕಾ, ಮದುಮಗನ ಹಾಗೆ ಕೂತಿದ್ದೇನೆ." ಅಲೆ ಗೋಡೆಗೆ ಬಡಿಯಿತು. ಹಿಂದೆ ಸರಿಯುವಾಗ ಬುಡದ ಮಣ್ಣು ಬಾಚಿಕೊಂಡು ಹೋಯಿತು. ಮತ್ತೆ ಬಡಿಯಿತು, ಮತ್ತೆ ಬಾಚಿತು. ಕೊನೆಗೆ ಗೋಡೆ ತೂಕಡಿಸಿ, ಮದುಮಗನ ಸಮೇತ ನೀರಿಗೆ ಮಲಗಿತು. ಅದರ ಹಿಂದೆಯೇ ದಂಡೆ ಕುಸಿಯತೊಡಗಿತು. ಪದ್ಮಕ್ಕ ಮರಿಗಳನ್ನು ಬಿಲದಿಂದ ಹೊರದೂಡಿ, ಉಳಿದ ಮೆಳೆಯ ಹಿಂದಕ್ಕೆ ಓಡಿದಳು. ಅಲ್ಲಿ ನೆಲ ಅಲುಗಿರಲಿಲ್ಲ. ಉಕ್ಕುವ ಹಾಲಿಗೆ ನೀರು ಚಿಮುಕಿಸಿದಂತೆ ಅಲೆ ಬೇರುಗಳ ನಡುವೆ ತಣ್ಣಗಾಗುತ್ತಿತ್ತು.

ನರಿಯೂ ತೇಲಿಬಂದು ಅದೇ ಬೇರು ತಬ್ಬಿಕೊಂಡ. ಏಡಿಗಳೆಲ್ಲ ಅಲ್ಲೇ ಇದ್ದವಲ್ಲ. ಒಂದು ಬಾಲ ಹಿಡಿಯಿತು, ಒಂದು ಕಿವಿ, ಇನ್ನೊಂದು ಮೂಗು.

"ಬಿಡಿಸಿ ಏಡಜ್ಜೀ, ನಿಮ್ಮ ಕಾಲಿಗೆ ಬೀಳ್ತೇನೆ."

"ಯಾವ ಕಾಲಿಗೆ ಅಂತ ಯೋಚಿಸ್ತಾ ಇರು ಸಂಕಪ್ಪ, ತುಂಬ ಇವೆ. ನೀರು ಇಳಿಯುವ ತನಕ ಮಕ್ಕಳಿಗೂ ಹೊತ್ತು ಹೋಗ್ತದೆ."

ನೀರು ಇಳಿಯಿತು. ನರಿ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಪದ್ಮಕ್ಕ ತೇಲಿಬಂದ, ಮೊಳಕೆಯೊಡೆದ ಕಾಂಡ್ಲಾ ಬೀಜದ ಕೋಡುಗಳನ್ನು ಹೆಕ್ಕಿ, ಬೋಳು ಕೆಸರಿನಲ್ಲಿ ಒಂದೊಂದಾಗಿ ಊರತೊಡಗಿದಳು. ಏಡಜ್ಜಿ ಪಕ್ಕದಲ್ಲೇ ನಡೆದಳು.

"ಇನ್ನೂ ಆಳಕ್ಕೆ ಒತ್ತು ಮಗಳೇ. ಕಡಿಯುವಾಗ ಇದ್ದ ಜೋರು ಈಗ ಎಲ್ಲಿ ಹೋಯ್ತು?"

ನೀತಿ: ಕಡಲ ದಂಡೆಯನ್ನು ಕಾಯುವುದು ಜೀವಂತ ಬೇರು, ಅದನ್ನು ಕಡಿಸುವವನ ಸವಿಮಾತಿಗೆ ಮರುಳಾದರೆ ನಿಂತ ನೆಲವೇ ಜಾರುತ್ತದೆ.