ಐದು ಅಡಿಗಲ್ಲು

೧೯೮೭ನೆಯ ಇಸವಿ, ಫೆಬ್ರವರಿ ಹನ್ನೆರಡು, ಗುರುವಾರ. ಬಿಸಿಲಿತ್ತು, ಗಾಳಿ ಇರಲಿಲ್ಲ.

"ಗುರುಗಳೇ, ನಗಿಸಲು ಹೊರಟವನು ನಿಜವನ್ನು ಎಷ್ಟು ಹೇಳಬಹುದು?" ಎಂದು ಕೊಟ್ರಯ್ಯ ಕೇಳಿದ.

ಗುರುಗಳು ಮಠದ ಜಗಲಿಯ ಮೇಲೆ ಮೊರ ಇಟ್ಟುಕೊಂಡು ತೊಗರಿಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಕೇಳುತ್ತಿರುವುದು ನೀನೋ, ನಿನ್ನ ಸಿನಿಮಾವೋ?"

"ಸಿನಿಮಾ ನಿಂತುಹೋಗಿದೆ. ಅದಕ್ಕೇ ನಾನು ಕೇಳುತ್ತಿದ್ದೇನೆ."

ಕೊಟ್ರಯ್ಯ ಇದ್ದದ್ದನ್ನು ಹೇಳಿದ. ಅವನು ಮಾಡಿದ್ದು ಅಧಿಕಾರ ಸಾಕಾಗಿಹೋದ ಒಬ್ಬ ಮಂತ್ರಿಯ ಕತೆ. ಎರಡು ಗಂಟೆ ಹತ್ತು ನಿಮಿಷ ಬರೀ ನಗು. ಕೊನೆಯ ನಾಲ್ಕು ನಿಮಿಷದಲ್ಲಿ ಆ ಮಂತ್ರಿ ಜನರೆದುರು ನಿಂತು, ತಾನು ಮಾಡಿದ್ದನ್ನೂ ಮಾಡದೆ ಬಿಟ್ಟದ್ದನ್ನೂ ಹೇಳುತ್ತಾನೆ. ಅಲ್ಲಿ ನಗುವಿಲ್ಲ. ಹಂಚಿಕೆದಾರನಿಗೆ ಚಿತ್ರ ತೋರಿಸಿದಾಗ ಅವನು ಎರಡು ಗಂಟೆ ಹತ್ತು ನಿಮಿಷ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಗಡಿಯಾರ ನೋಡಿದ. "ಕೊನೇದು ಕತ್ತರಿಸಿಬಿಡಿ ಕೊಟ್ರಯ್ಯನವರೇ. ಜನ ಚಪ್ಪಲಿ ಹುಡುಕೋ ಹೊತ್ತಲ್ಲಿ ಉಪದೇಶ ಯಾಕೆ?" ಎಂದ. ಕತ್ತರಿಸಿದರೆ ಮುಂದಿನ ವಾರ ನಲವತ್ತು ಚಿತ್ರಮಂದಿರಗಳಲ್ಲಿ ಬಿಡುಗಡೆ. ಇಲ್ಲದಿದ್ದರೆ ಎರಡು ವರ್ಷದ ದುಡಿಮೆ ಡಬ್ಬಿಯಲ್ಲೇ ಉಳಿಯುತ್ತದೆ. ಒಪ್ಪಿಗೆ ಪತ್ರ ಕೊಟ್ರಯ್ಯನ ತೊಡೆಯ ಮೇಲಿತ್ತು. ಪೆನ್ನಿನ ಮುಚ್ಚಳ ತೆಗೆದಾಗಿತ್ತು. ನಾಲ್ಕು ಗಂಟೆಯ ಬಸ್ಸಿಗೆ ಪತ್ರ ಹೋಗಬೇಕು.

"ಒಂದು ಕತೆ ಇದೆ. ಕೇಳು. ಆಮೇಲೆ ಬೇಕಾದರೆ ಸಹಿ ಹಾಕು" ಎಂದರು ಗುರುಗಳು.

ಕಂದಾಯ ನೋಡಿಕೊಳ್ಳುವ ಒಬ್ಬ ಮಂತ್ರಿ ಇದ್ದ. ಒಂದು ಊರಿನ ಹಳ್ಳಕ್ಕೆ ಸೇತುವೆ ಕಟ್ಟಿಸುತ್ತೇನೆ ಎಂದು ಇಪ್ಪತ್ತು ವರ್ಷದಲ್ಲಿ ಐದು ಸಲ ಮಾತು ಕೊಟ್ಟ. ಪ್ರತಿ ಸಲವೂ ಪಲ್ಲಕ್ಕಿಯಲ್ಲಿ ಬಂದು, ತನ್ನ ಹೆಸರು ಕೆತ್ತಿಸಿದ ಅಡಿಗಲ್ಲನ್ನು ದಂಡೆಯಲ್ಲಿ ನೆಟ್ಟು, ಊಟ ಮಾಡಿ ಹೋದ. ಕಲ್ಲು ಐದಾದವು. ಸೇತುವೆ ಆಗಲಿಲ್ಲ. ಮಳೆಗಾಲದಲ್ಲಿ ಊರವರು ಒಬ್ಬರ ಕೈ ಒಬ್ಬರು ಹಿಡಿದು ಹಳ್ಳ ದಾಟುತ್ತಿದ್ದರು. ಒಂದು ವರ್ಷ ಒಂದು ಕೈ ಜಾರಿತು. ಅದು ಒಬ್ಬ ಮುದುಕಿಯ ಮಗಳ ಕೈ. ಅಂದಿನಿಂದ ಆ ಮುದುಕಿ ಹಳ್ಳಕ್ಕೆ ಕಾಲಿಟ್ಟವಳಲ್ಲ.

ಸುದ್ದಿ ಮಂತ್ರಿಗೆ ಮುಟ್ಟಿತು. ಆ ದಿನ ಅವನಿಗೆ ಊಟ ಸೇರಲಿಲ್ಲ. ಪದವಿ ಬೇಡ ಎಂದು ಅರಸನಿಗೆ ಓಲೆ ಬರೆದ. ಅರಸ ಓದಿ ನಕ್ಕು, "ಕಂದಾಯ ಸಾಲದಂತೆ, ಭಂಡಾರವನ್ನೂ ಕೇಳುತ್ತಿದ್ದಾನೆ" ಎಂದು ಭಂಡಾರವನ್ನೂ ಕೊಟ್ಟ. ಮಂತ್ರಿ ಇನ್ನೊಂದು ಓಲೆ ಬರೆದ. ಅರಸ ಸೇನೆಯನ್ನೂ ಕೊಟ್ಟ. ಮೂರನೆಯ ಓಲೆ ಬರೆದರೆ ಸಿಂಹಾಸನವೇ ಬಂದೀತೆಂದು ಹೆದರಿದ ಮಂತ್ರಿ, ಮುದ್ರೆಯುಂಗುರವನ್ನು ಮೇಜಿನ ಮೇಲಿಟ್ಟು ಕಾಲ್ನಡಿಗೆಯಲ್ಲಿ ಆ ಊರಿನ ದಾರಿ ಹಿಡಿದ. ಜನರ ಎದುರಿಗೇ ನಿಜ ಹೇಳುವುದೆಂದು ಗಟ್ಟಿ ಮಾಡಿಕೊಂಡಿದ್ದ.

ಆ ವಾರ ಊರಿಗೆ ಒಬ್ಬ ಹಗಲುವೇಷದವನು ಬಂದಿದ್ದ. ಅವರ ಪದ್ಧತಿ ನಿನಗೆ ಗೊತ್ತು. ಆರು ದಿನ ಆರು ವೇಷ ಕಟ್ಟಿ ಬೀದಿ ಸುತ್ತುತ್ತಾರೆ, ಯಾರ ಹತ್ತಿರವೂ ಏನೂ ಬೇಡುವುದಿಲ್ಲ. ಏಳನೆಯ ದಿನ ಬಣ್ಣ ತೊಳೆದು, ತಮ್ಮದೇ ಬಟ್ಟೆ ಉಟ್ಟು, ಮನೆಮನೆಗೆ ಹೋಗಿ ಕೂಲಿ ಪಡೆಯುತ್ತಾರೆ. ಅಂದು ಆರನೆಯ ದಿನ. ಅಂದಿನ ವೇಷ ಮಂತ್ರಿಯದು ಎಂದು ಊರಿಗೆಲ್ಲ ಗೊತ್ತಿತ್ತು. ನಿಜವಾದ ಮಂತ್ರಿ ಬಂದು ಕಟ್ಟೆಯ ಮೇಲೆ ನಿಂತಾಗ, ಇವನೇ ವೇಷದವನೆಂದು ಜನ ಮುಗಿಬಿದ್ದರು.

"ಐದು ಕಲ್ಲು ನೆಟ್ಟೆ. ಸೇತುವೆಗೆಂದು ಒಂದು ಗಾಡಿ ಮರಳನ್ನೂ ತರಿಸಲಿಲ್ಲ. ನಿಮ್ಮ ಊರಿನ ಹೆಸರೂ ನನಗೆ ನೆನಪಿರುತ್ತಿರಲಿಲ್ಲ" ಎಂದ ಮಂತ್ರಿ.

ಜನ ಬಿದ್ದು ಬಿದ್ದು ನಕ್ಕರು. "ಏನ್ ವೇಷ ಕಟ್ಟ್ಯಾನಪ್ಪಾ! ಹೊಟ್ಟೀನೂ ಹಂಗೇ ಐತಲ್ಲೋ!" ಎಂದ ಒಬ್ಬ ರೈತ.

"ಒಂದು ಜೀವ ಹೋಯಿತು. ಅದು ಹೋದದ್ದು ನನ್ನಿಂದ" ಎಂದ ಮಂತ್ರಿ.

ನಗು ನಿಂತಿತು. ಮುದುಕಿ ಮಾತ್ರ ಮೊದಲಿನಿಂದಲೂ ನಕ್ಕಿರಲಿಲ್ಲ. "ಎಲ್ಲಾ ಚೆಂದ ಕಟ್ಟೀಯಪ್ಪ. ಒಂದೇ ತಪ್ಪು. ಆತ ಇಷ್ಟು ನಿಜ ಹೇಳಂಗಿಲ್ಲ" ಎಂದಳು.

ಅಷ್ಟರಲ್ಲಿ ಇನ್ನೊಂದು ಬೀದಿಯಿಂದ ವೇಷದವನು ಬಂದ. ಹೆಗಲಿಗೆ ಶಾಲು, ಕೊರಳಿಗೆ ಹಾರ. ಬಂದವನೇ ಎರಡೂ ಕೈ ಎತ್ತಿ, "ಬರುವ ದೀಪಾವಳಿಯೊಳಗೆ ಸೇತುವೆ!" ಎಂದ. ಜನ ಇವನನ್ನೂ ಅವನನ್ನೂ ನೋಡಿದರು. ಹಾರ ಹಾಕಿಕೊಂಡವನೇ ನಿಜವಾದ ಮಂತ್ರಿ ಎಂದು ತೀರ್ಮಾನಿಸಿ, ಅರ್ಜಿ ಹಿಡಿದು ಅವನ ಹಿಂದೆ ಓಡಿದರು. ರೈತ ಹೋಗುತ್ತ ಮಂತ್ರಿಯ ಭುಜ ತಟ್ಟಿ, "ನೀನೂ ಏನಾರ ಕೇಳ್ಕೊಳೋ ಮಾರಾಯ. ಮತ್ತ ಸಿಗಂಗಿಲ್ಲ ಆತ" ಎಂದ.

ಇಲ್ಲಿ ಕೊಟ್ರಯ್ಯನಿಗೆ ನಗು ಬಂತು. ಗುರುಗಳು ಬೇಳೆಯಿಂದ ಒಂದು ಕಲ್ಲು ತೆಗೆದು ಆಚೆ ಇಟ್ಟರು. ಅವನ ನಗು ನಿಲ್ಲುವವರೆಗೆ ಕಾದು ಮುಂದುವರಿಸಿದರು.

ಮಂತ್ರಿ ಹಳ್ಳದ ದಂಡೆಗೆ ಹೋದ. ಒಂದು ಹಾರೆ ಕೇಳಿ ತಂದು ಮೊದಲನೆಯ ಅಡಿಗಲ್ಲನ್ನು ಅಗೆದು ಕಿತ್ತ. ಉರುಳಿಸಿಕೊಂಡು ಹೋಗಿ ನೀರಿನಲ್ಲಿ ಕೂರಿಸಿದ. ಎರಡನೆಯದನ್ನು ಕಿತ್ತ. ವೇಷ ಇನ್ನೂ ಮುಗಿದಿಲ್ಲ ಎಂದುಕೊಂಡು ಕೆಲವರು ನೋಡಲು ಬಂದು ಕುಳಿತರು. ಬಹಳ ಹೊತ್ತಾದರೂ ನಗುವಂಥದ್ದು ಏನೂ ನಡೆಯಲಿಲ್ಲ. ಒಬ್ಬೊಬ್ಬರೇ ಎದ್ದು ಹೋದರು. ಕೊನೆಗೆ ಉಳಿದವನು ಆ ರೈತ.

"ಹೆಸರು ಕೆಳಗಾಗಿ ಇಡಬಾರ್ದೇನೋ? ಎಲ್ಲಾರೂ ತುಳೀತಾರಲ್ಲ" ಎಂದ.

"ಕೆತ್ತಿದ ಕಡೆ ಕಾಲು ಜಾರುವುದಿಲ್ಲ" ಎಂದ ಮಂತ್ರಿ.

ಮರುದಿನ ಹೊತ್ತು ಇಳಿಯುವಾಗ ಐದನೆಯ ಕಲ್ಲೂ ಕೂತಿತು. ಅಡಿಗಲ್ಲು ಎಂದರೆ ಅಡಿ ಇಡುವ ಕಲ್ಲು ಎಂದು ಇಪ್ಪತ್ತು ವರ್ಷದ ಮೇಲೆ ಅವನಿಗೆ ತಿಳಿಯಿತು. ಅಂಗೈ ಒಡೆದಿತ್ತು. ಆಚೆಯ ದಂಡೆಯಲ್ಲಿ ಒಬ್ಬನೇ ಕುಳಿತ. ಅದು ಏಳನೆಯ ದಿನ. ಊರೊಳಗೆ ವೇಷದವನು ಬಣ್ಣ ತೊಳೆದು ಮನೆಮನೆಗೆ ಹೋಗಿದ್ದ. ಊರವರು ಅವನನ್ನು ನೆನೆನೆನೆದು ನಕ್ಕು, ಒಂದು ಚೀಲ ತುಂಬ ಜೋಳ ಕೊಟ್ಟರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಜನ ಕಡೆಗೂ ಅವನನ್ನು ಗುರುತಿಸಲಿಲ್ಲವೇ?" ಎಂದ ಕೊಟ್ರಯ್ಯ.

"ಅದು ಕತೆಯಲ್ಲಿಲ್ಲ. ಮಳೆಗಾಲ ಬಂತು. ದಾಟಿದರು."

ಕೊಟ್ರಯ್ಯ ಪತ್ರದ ಕಡೆ ನೋಡಿದ. ಹಂಚಿಕೆದಾರನಿಗೆ ಚಿತ್ರ ತೋರಿಸಿದ ದಿನದ ಒಂದು ಸಂಗತಿ ನೆನಪಾಯಿತು. ಕೊನೆಯ ನಾಲ್ಕು ನಿಮಿಷ ಬಂದಾಗ ಮುಂದಿನ ಸಾಲಿನವರು ಎದ್ದು ಮಾತಿಗೆ ತೊಡಗಿದ್ದರು. ಕಸ ಗುಡಿಸಲು ಬಂದಿದ್ದ ಹೆಂಗಸು ಮಾತ್ರ ಪೊರಕೆ ಹಿಡಿದುಕೊಂಡು ಬಾಗಿಲ ಹತ್ತಿರ ಕೊನೆಯವರೆಗೆ ನಿಂತಿದ್ದಳು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಲೆಕ್ಕಕ್ಕೂ ತೆಗೆದುಕೊಂಡಿರಲಿಲ್ಲ.

ಅವನು ಪೆನ್ನಿನ ಮುಚ್ಚಳ ಹಾಕಿದ. ಪತ್ರವನ್ನು ಎರಡಾಗಿ ಹರಿದು ಜೇಬಿಗಿಟ್ಟುಕೊಂಡ. ನಲವತ್ತು ಚಿತ್ರಮಂದಿರಗಳು ಬೇಡ. ಡಬ್ಬಿಗಳನ್ನು ತಾನೇ ಹೊತ್ತು ಊರೂರು ತಿರುಗಿದರೂ ಸರಿ, ಕೊನೆಯ ನಾಲ್ಕು ನಿಮಿಷ ಇರುತ್ತದೆ. ಎದ್ದು ಗುರುಗಳ ಪಾದ ಮುಟ್ಟಿದ. ಮೆಟ್ಟಿಲು ಇಳಿದವನು ತಿರುಗಿ ನಿಂತ.

"ಗುರುಗಳೇ, ಏಳನೆಯ ದಿನ ಮಂತ್ರಿಗೆ ಕೂಲಿ ಏನೂ ಸಿಗಲಿಲ್ಲವೇ?"

ಗುರುಗಳು ಮೊರ ಕೆಳಗಿಟ್ಟರು.

"ಒಂದು ಪಡಿ ಜೋಳ, ಮುದುಕಿ ಹಳ್ಳ ದಾಟಿ ಬಂದು ಕೊಟ್ಟಳು."