ಎರಡನೆಯ ಸಲ ಕೇಳಿದ ಹೂ

ಹೊಳೆಯ ದಂಡೆಗೆ ಒಂದು ಆಶ್ರಮ. ಆಶ್ರಮ ಅಂದರೆ ಎರಡು ಕೋಣೆ, ಒಂದು ಬೇವಿನ ಮರ, ಒಂದು ಬಸವಣ್ಣನ ಗುಡಿ. ಅಲ್ಲಿ ಮರುಳಯ್ಯಜ್ಜ ಇದ್ದರು.

ಅವರ ಹತ್ತಿರ ಅಕ್ಷರ ತಿದ್ದಿದವರು ಸುತ್ತಲಿನ ಊರಲ್ಲೆಲ್ಲ ಇದ್ದಾರೆ. ಸುಗಲಾ ಅವರಲ್ಲಿ ಒಬ್ಬಳು. ಈಗ ಅವಳಿಗೆ ಇಪ್ಪತ್ತಾರು. ಡಿಗ್ರಿ ಮುಗಿಸಿ ಊರಿಗೇ ಬಂದು, ಹನ್ನೊಂದು ಹೆಂಗಸರನ್ನು ಕೂಡಿಸಿಕೊಂಡು, ಜೋಳದ ಗರಿಗರಿ ಕಟಿರೊಟ್ಟಿ ಮಾಡಿ ಪಟ್ಟಣಕ್ಕೆ ಕಳಿಸುತ್ತಿದ್ದಳು.

ಆ ಮುಂಜಾನೆ ಅವಳು ಬಂದಾಗ ಅಜ್ಜ ಅಂಗಳ ಗುಡಿಸುತ್ತಿದ್ದರು. ಅವಳು ಅವರ ಕಡೆ ನೋಡಲಿಲ್ಲ. ನೇರ ಗುಡಿಗೆ ಹೋದಳು.

ಕೈಯಲ್ಲಿ ಎರಡು ಕಣಗಿಲ ಹೂ ಇದ್ದವು, ಹೊಳೆಯಲ್ಲಿ ಅದ್ದಿ ತಂದವು. ಒಂದನ್ನು ಬಸವಣ್ಣನ ಬಲಗೋಡಿಗೆ ಅಂಟಿಸಿದಳು. ಒಂದನ್ನು ಎಡಗೋಡಿಗೆ. ಕೈಮುಗಿದು ಕುಳಿತಳು.

ಬಲದ ಹೂ ಬಿದ್ದರೆ ಆಗಲಿ ಅಂತ. ಎಡದ್ದು ಬಿದ್ದರೆ ಬೇಡ ಅಂತ. ಆ ಕಡೆಯ ಮಂದಿ ಲಗ್ನಕ್ಕೂ ಬಾವಿ ತೋಡುವುದಕ್ಕೂ ಹೀಗೇ ಅಪ್ಪಣೆ ಕೇಳುತ್ತಾರೆ.

ತುಸು ಹೊತ್ತಿಗೆ ಬಲದ ಹೂ ಬಿತ್ತು.

ಸುಗಲಾ ನೋಡಿದಳು. ಏಳಲಿಲ್ಲ. ಗಾಳಿ ಬೀಸಿತೇನೋ ಅನ್ನಿಸಿತು. ಎರಡೂ ಹೂ ತೆಗೆದು, ಮತ್ತೆ ತೋಯಿಸಿ, ಮತ್ತೆ ಅಂಟಿಸಿದಳು.

ಈ ಸಲ ಎಡದ್ದು ಬಿತ್ತು.

ಎದ್ದು ಬಂದಳು. ಕಣ್ಣು ತುಂಬಿದ್ದವು.

"ಅಜ್ಜಾರ, ದೇವರೂ ಬ್ಯಾಡ ಅಂದ."

"ಏನು ಬ್ಯಾಡ ಅಂದ?"

"ಎಂಬಿಎ."

ಅಜ್ಜ ಕಸಬರಿಗೆಯನ್ನು ಮರಕ್ಕೆ ಆನಿಸಿದರು. "ಹಂಗಂದ್ರ?"

"ವ್ಯಾಪಾರ ಕಲಿಸೋ ಸಾಲಿ ರೀ. ದೊಡ್ಡ ಸಾಲಿ. ಎರಡು ವರ್ಷ. ಅರ್ಜಿ ಹಾಕಬೇಕು. ಇವತ್ತು ಸಂಜಿ ಐದಕ್ಕ ಬಾಗಿಲ ಹಾಕ್ತಾರ. ಹಾಕ್ಲೋ ಬಿಡ್ಲೋ ತಿಳೀವಲ್ದು."

"ಹಾಕಾಕ ಏನು ಅಡ್ಡಿ?"

ಸುಗಲಾ ಚೀಲದಿಂದ ತರಬೇತಿ ಕೇಂದ್ರದವರು ಕೊಟ್ಟ ಒಂದು ಹಾಳೆ ತೆಗೆದಳು. ಮಡಚಿ ಮಡಚಿ ಅದು ನಾಲ್ಕು ಕಡೆ ಹರಿಯುವಂತಾಗಿತ್ತು.

"ಅದಕ್ಕೊಂದು ಪರೀಕ್ಷೆ ಬರದಿದ್ದೆ. ಅರವತ್ತೊಂದು ಬಂತು."

"ನೂರಕ್ಕ ಅರವತ್ತೊಂದು? ಪಾಸಾದಿಯಲ್ಲ!"

"ಮಾರ್ಕ್ಸ್ ಅಲ್ರೀ ಅಜ್ಜಾರ. ಬರದವರನ್ನ ನೂರು ಮಂದಿ ಮಾಡಿ ಸಾಲಾಗಿ ನಿಲ್ಲಿಸಿದ್ರ, ಅರವತ್ತೊಂದು ಮಂದಿ ನನ್ನ ಹಿಂದ ನಿಲ್ತಾರ. ಉಳಿದವರೆಲ್ಲ ಮುಂದ."

ಅಜ್ಜ ವಿಚಾರ ಮಾಡಿದರು. "ಹಿಂದಿನವರು ಯಾರು?"

"ಗೊತ್ತಿಲ್ರಿ."

"ಮುಂದಿನವರು?"

"ಅವರೂ ಗೊತ್ತಿಲ್ರಿ."

"ಗುರ್ತಿಲ್ಲದ ಮಂದಿ ನಡುವ ನಿಂತು ಅಳ್ತಿಯಲ್ಲ ತಂಗಿ."

ಇದು ಚೇಷ್ಟೆಯೋ ಸಮಾಧಾನವೋ ಅವಳಿಗೆ ತಿಳಿಯಲಿಲ್ಲ. ಬೇವಿನ ಕಟ್ಟೆಯ ಮೇಲೆ ಕುಳಿತಳು.

"ಯಾರನ್ನ ಕೇಳಿದಿ?" ಅಂದರು ಅಜ್ಜ.

"ಎಲ್ಲಾರನ್ನೂ ಕೇಳೀನ್ರಿ. ತರಬೇತಿ ಕೊಟ್ಟ ಸರ್ ಅಂದ್ರು, ಇಷ್ಟಕ್ಕ ಅರ್ಜಿ ಹಾಕೋದು ಅಂದ್ರ ಕರೀಲಾರದ ಲಗ್ನಕ್ಕ ಹೋಗಿ ಪಂಕ್ತಿಯೊಳಗ ಕುಂತಂಗ ಅಂತ. ಮಾವನ ಮಗ ಅಂದ, ಬರೋ ವರ್ಷ ಮತ್ತ ಬರಿ. ಅವ್ವ ಅಂದ್ಲು, ರೊಟ್ಟಿ ಬಡಿಯೋ ಕೈಗೆ ಇದೇನು ಹುಚ್ಚು."

"ಎಲ್ಲಾರೂ ಬ್ಯಾಡ ಅಂದ್ರು."

"ಗೆಳತಿ ಒಬ್ಬಾಕಿ ಹಾಕು ಅಂದ್ಲು. ಅಕಿಗೂ ನನ್ನಷ್ಟ ಬಂದಿತ್ತು. ಈಗ ಅದೇ ಸಾಲ್ಯಾಗ ಓದಾಕತ್ತಾಳ."

"ಮತ್ತ?"

"ಅಕಿಗೇನು ಗೊತ್ತು ಬಿಡ್ರಿ."

ಅಜ್ಜ ನಕ್ಕರು. "ಅದೂ ಖರೇನ. ಒಳಗ ಕುಂತಾಕಿಗೆ ಏನು ಗೊತ್ತು."

ಸುಗಲಾ ಮುಖ ತಗ್ಗಿಸಿದಳು.

"ಗುಡಿಯೊಳಗ ಎಷ್ಟು ಸಲ ಕೇಳಿದಿ?"

"ಎರಡು ಸಲ ರೀ."

"ಮೊದಲ ಸಲ?"

"ಬಲಕ್ಕ ಬಿತ್ತು."

"ಆಗ ಯಾಕ ಏಳಲಿಲ್ಲ?"

"ಖಾತ್ರಿ ಮಾಡ್ಕೋಬೇಕಿತ್ರಿ."

"ಎರಡನೇ ಸಲ?"

"ಎಡಕ್ಕ ಬಿತ್ತು."

"ಆಗ?"

"ಎದ್ದು ಬಂದೆ."

"ಅದನ್ನ ಖಾತ್ರಿ ಮಾಡ್ಕೊಳ್ಳಲಿಲ್ಲ?"

ಸುಗಲಾ ಗುಡಿಯ ಕಡೆ ತಿರುಗಿ ನೋಡಿದಳು. 

ಅಜ್ಜ ಗುಡಿಯೊಳಗೆ ಹೋದರು. ಬಂದಾಗ ಅಂಗೈಯಲ್ಲಿ ಎರಡೂ ಹೂ ಇದ್ದವು. ಅವಳ ಮುಂದೆ ಹಿಡಿದರು.

"ಇದರಾಗ ಹೂಂ ಅಂದದ್ದು ಯಾವುದು? ಬ್ಯಾಡ ಅಂದದ್ದು ಯಾವುದು?"

ಅವಳು ನೋಡಿದಳು. ಎರಡೂ ಕೆಂಪು. ಎರಡೂ ಒದ್ದೆ. ಮೊದಲು ಬಲಕ್ಕೆ ಇದ್ದದ್ದನ್ನೇ ಎರಡನೆಯ ಸಲ ಎಡಕ್ಕೆ ಇಟ್ಟಿದ್ದಳೋ ಏನೋ. ನೆನಪಾಗಲಿಲ್ಲ. ಒಂದನ್ನು ಮುಟ್ಟಲು ಹೋಗಿ ಕೈ ಹಿಂದೆ ತೆಗೆದಳು.

"ತಿಳೀವಲ್ದು ಅಜ್ಜಾರ."

"ನನಗೂ ತಿಳೀವಲ್ದು."

ಹೂಗಳನ್ನು ಬಸವಣ್ಣನ ಪಾದಕ್ಕೆ ಇಟ್ಟು ಬಂದರು.

"ಹಂಗಾರ ಹೂ ಸುಳ್ಳು ಹೇಳ್ತಾವೇನ್ರೀ?"

"ಹೂ ಬೀಳ್ತಾವ ತಂಗಿ."

ಸುಗಲಾಳ ತಲೆ ಬರುವಾಗ ಇದ್ದದ್ದಕ್ಕಿಂತ ಹೆಚ್ಚು ಕೆಟ್ಟಿತು. ಬರುವಾಗ ಒಂದಾದರೂ ಗೊತ್ತಿತ್ತು, ತನ್ನಿಂದ ಆಗುವುದಿಲ್ಲ ಅನ್ನುವುದು. ಈಗ ಅದೂ ನೆಟ್ಟಗೆ ಗೊತ್ತಿಲ್ಲ.

"ಆ ಹಾಳಿಯೊಳಗ ಏನು ಬರದಾರ, ಓದು," ಅಂದರು ಅಜ್ಜ.

ಅವಳು ಹಾಳೆ ಬಿಚ್ಚಿದಳು. "‘ಲೆಕ್ಕದ ಭಾಗದಲ್ಲಿ ತಾವು ಬಹಳ ಹಿಂದಿದ್ದೀರಿ. ಸಮಯಕ್ಕೆ ಸರಿಯಾಗಿ ಉತ್ತರಿಸಿಲ್ಲ. ಈ ಫಲಿತಾಂಶದಿಂದ ಉನ್ನತ ಸಂಸ್ಥೆಗಳಲ್ಲಿ ಪ್ರವೇಶ ಸಿಗುವುದು ಕಷ್ಟ. ತಮ್ಮ ಗುರಿಯನ್ನು ಇನ್ನೊಮ್ಮೆ ವಿಚಾರ ಮಾಡಿ.’"

"ಅದು ಹಾಳಿಯ ನಡುವಿಂದು. ಮ್ಯಾಲಿಂದ ಓದು."

"ಮ್ಯಾಲೆ ಏನಿಲ್ಲ ಬಿಡ್ರಿ."

"ಕರ್ರಗ ಏನೋ ಕಾಣ್ತೈತಿ. ನನ್ನ ಕಣ್ಣು ಮಂಜು, ಕುರುಡಲ್ಲ."

ಅವಳು ಸಣ್ಣ ದನಿಯಲ್ಲಿ ಓದಿದಳು. "‘ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ ಉತ್ತಮ. ತರ್ಕದ ಪ್ರಶ್ನೆಗಳಿಗೆ ಉತ್ತರ ಚೆನ್ನಾಗಿದೆ.’"

"ಇದು ಖರೇ ಏನು?"

"ಗೊತ್ತಿಲ್ರಿ."

"ಲೆಕ್ಕದಾಗ ಹಿಂದ ಅಂದದ್ದು?"

"ಅದು ಖರೇ ರೀ."

"ಅದು ಮಾತ್ರ ಗೊತ್ತೈತಿ."

ಅವಳು ಹಾಳೆ ಮಡಚಿದಳು.  ಅಜ್ಜ ಅಂದರು, "ಖರೇ ಇದ್ರ ಲೆಕ್ಕ ಕಲಿ."

 ಸುಗಲಾ ಎಂಟು ಮೈಲು ಬಂದದ್ದು ಒಂದೇ ಮಾತಿಗೆ. ಆ ಹಾಳೆ ಸುಳ್ಳು ಅಂತ ಅಜ್ಜ ಅನ್ನಬೇಕಾಗಿತ್ತು. ಅವರು ಅನ್ನಲಿಲ್ಲ.

"ಹಂಗಾರ ಅರ್ಜಿ ಹಾಕೋದು ಬ್ಯಾಡ ಅಂತೀರೇನು?"

"ಹಂಗಂತ ಯಾರಂದ್ರು?"

"ನೀವ ಈಗ ಅಂದ್ರಲ್ರೀ."

"ನಾ ಲೆಕ್ಕ ಕಲಿ ಅಂದೆ."

"ಎರಡೂ ಒಂದ ಅಲ್ಲೇನ್ರೀ?"

ಅಜ್ಜ ಕಸಬರಿಗೆ ತೆಗೆದುಕೊಂಡು ಒಂದೆರಡು ಸಲ ನೆಲಕ್ಕೆ ಎಳೆದರು. ಬೇವಿನ ಎಲೆ ಉದುರುತ್ತಲೇ ಇತ್ತು. ಗುಡಿಸಿದಲ್ಲೇ ಮತ್ತೆ ಬೀಳುತ್ತಿತ್ತು.

"ಅರ್ಜಿಯೊಳಗ ಏನು ಕೇಳ್ಯಾರ?"

"ಹೆಸರು, ಊರು, ಓದಿದ್ದು. ಎಲ್ಲಾ ತುಂಬೀನ್ರಿ. ಕಡಿಗೊಂದು ಉಳದೈತಿ."

"ಏನದು?"

"ಇದನ್ನ ಯಾಕ ಕಲೀಬೇಕಂತೀರಿ, ಅಂತ."

"ಏನು ಬರದಿ?"

"ಖಾಲಿ ಐತ್ರಿ. ಅರವತ್ತೊಂದು ಬಂದ ಮ್ಯಾಲೆ ಬರಿಯಾಕ ಕೈ ಏಳವಲ್ದು."

"ತರಬೇತಿ ಸರ್ ಈ ಪ್ರಶ್ನೆ ಕೇಳಿದ್ರೇನು?"

"ಇಲ್ರಿ."

"ಮಾವನ ಮಗ?"

"ಇಲ್ಲ. ಯಾರೂ ಕೇಳಿಲ್ರಿ."

"ಈಗ ನಾ ಕೇಳ್ತೀನಿ. ಯಾಕ ಕಲೀಬೇಕು?"

ಸುಗಲಾ ಹೊಳೆಯ ಕಡೆ ನೋಡಿದಳು. 

"ದೂರದ ಊರಿನ ಒಂದು ಅಂಗಡಿಯವರು ನಮ್ಮ ರೊಟ್ಟಿ ತರಿಸಿಕೊಳ್ತಿದ್ರು. ಎರಡು ತಿಂಗಳು ಚಲೋ ನಡೀತು. ಹೆಂಗಸರೆಲ್ಲ ಹಾಡ್ಕೋತ ರೊಟ್ಟಿ ಬಡೀತಿದ್ರು. ಆಮ್ಯಾಲೆ ಸುಮ್ನ ನಿಂತುಬಿಡ್ತು. ಫೋನ್ ಮಾಡಿದ್ರ ಆಮ್ಯಾಲೆ ಹೇಳ್ತೀವಿ ಅಂದ್ರು. ಹೇಳಲೇ ಇಲ್ಲ."

"ಹೂಂ."

"ನಾವೆಲ್ಲ ಕೂಡಿ ಕುಂತು ವಿಚಾರ ಮಾಡಿದ್ವಿ. ಚೆನ್ನವ್ವತ್ತಿ ಅಂದ್ಲು, ಉಪ್ಪು ಕಡಿಮಿ ಆಗೈತಿ. ಉಪ್ಪು ಹೆಚ್ಚು ಮಾಡಿದ್ವಿ. ಗಿರಿಜವ್ವ ಅಂದ್ಲು, ದೃಷ್ಟಿ ಆಗೈತಿ. ದೃಷ್ಟಿ ತಗದ್ವಿ. ಹಂಚಿಗೂ ತಗದ್ವಿ, ಗಾಡಿಗೂ ತಗದ್ವಿ. ಆದ್ರೂ ಅವರು ಮತ್ತ ರೊಟ್ಟಿ ಕೇಳಲಿಲ್ಲ."

ಅಜ್ಜನ ಮೀಸೆ ಅಲುಗಿತು. ನಗಲಿಲ್ಲ.

"ಯಾಕ ನಿಂತಿತು ಅಂತ ನನಗ ತಿಳೀಬೇಕು ಅಜ್ಜಾರ. ರೊಟ್ಟಿ ತಿಂದವರು ಯಾಕ ಬಿಟ್ರು? ಅದನ್ನ ತಿಳಕೊಳ್ಳೋದು ಹೆಂಗ ಅಂತ ಕಲಿಸೋ ಜಾಗಾ ಒಂದು ಐತಿ ಅಂತ ಗೊತ್ತಾದಾಗಿಂದ ನನಗ ಕುಂತಲ್ಲಿ ಕೂಡಾಕ ಆಗವಲ್ದು."

"ಇದನ್ನ ಬರಿ."

"ಉಪ್ಪು, ದೃಷ್ಟಿ, ಎಲ್ಲಾ ಬರೀಲೇನ್ರೀ? ಓದಿ ನಗ್ತಾರ."

"ನಗಲಿ. ನಗೋ ಮುಂದ ಓದಿರ್ತಾರ."

"ಇಷ್ಟು ಸಾಕಾಗ್ತೈತೇನ್ರೀ?"

"ನನಗೇನು ಗೊತ್ತು? ನಾ ಓದಿದ್ದು ಬರೇ ಮೂರನೇ ಇಯತ್ತೆ."

ಸುಗಲಾ ಮೊಬೈಲ್ ತೆಗೆದಳು. ಬರೆದಳು. ಅಳಿಸಿದಳು. ಮತ್ತೆ ಬರೆದಳು. ಹೊತ್ತು ನೆತ್ತಿಗೆ ಬಂದು ಆ ಕಡೆ ವಾಲಿತು. ಅಜ್ಜ ಅಂಗಳ ಮುಗಿಸಿ ನೀರು ತಂದರು, ಗುಡಿ ತೊಳೆದರು. ನಡುವೆ ಒಮ್ಮೆ ಬಂದು ಅವಳ ಪಕ್ಕ ಒಂದು ಚೆಂಬು ನೀರಿಟ್ಟು ಹೋದರು.

ಬರೆದದ್ದು ಮುಗಿಯಿತು. ಆದರೆ ಅಲ್ಲಿ ಸಿಗ್ನಲ್ ಇರಲಿಲ್ಲ. ಹೊಳೆಯ ಮೆಟ್ಟಿಲ ಮೇಲಿನ ತುದಿಯಲ್ಲಿ ನಿಂತರೆ ಒಂದಿಷ್ಟು ಸಿಗುತ್ತಿತ್ತು. ಅಲ್ಲಿ ಹೋಗಿ ನಿಂತಳು. ಬೆರಳು ಎತ್ತಿದಳು. ಬೆರಳು ಅಲ್ಲೇ ನಿಂತಿತು.

"ಅಜ್ಜಾರ!"

ಅಜ್ಜ ಬಂದರು.

"ಹೆಂಗಾದ್ರೂ ಬ್ಯಾಡ ಅಂತಾರ್ರೀ. ಕಳಿಸದಿದ್ರ ಅಷ್ಟ ಆತಲ್ರೀ?"

"ಬ್ಯಾಡ ಅನ್ನಾಕ ಅವರಿಗೆ ಪಗಾರ ಕೊಡ್ತಾರ ತಂಗಿ. ನೀ ಯಾಕ ಆ ಕೆಲಸ ಬಿಟ್ಟಿ ಮಾಡ್ತಿ?"

ಸುಗಲಾಗೆ ನಗು ಬಂತು. ನಗುವ ಹೊತ್ತಿಗೇ ಬೆರಳು ಒತ್ತಿತು. ಮೊಬೈಲ್ ಮೇಲೆ ಸಣ್ಣದೊಂದು ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ಕಡೆಗೆ ನಿಂತಿತು.

"ಹೋತ್ರಿ," ಅಂದಳು.

ಹಗುರಾಗಬೇಕಾಗಿತ್ತು. ಆಗಲಿಲ್ಲ.  ಮೆಟ್ಟಿಲ ಮೇಲೇ ಕುಳಿತಳು.

"ಅವರು ಯಾವಾಗ ಹೇಳ್ತಾರ?"

"ಒಂದು ತಿಂಗಳು ಆಗ್ತೈತ್ರಿ."

ಅಜ್ಜನೂ ಮೆಲ್ಲಗೆ ಪಕ್ಕದಲ್ಲಿ ಕುಳಿತರು. ಕೆಳಗೆ ಹೊಳೆ ಹರಿಯುತ್ತಿತ್ತು.

"ಒಂದು ತಿಂಗಳು ನಾ ಏನು ಮಾಡ್ಲಿ ಅಜ್ಜಾರ? ಬ್ಯಾಡ ಅಂತಾರ ಅಂತ ಈಗ ಅನ್ನಿಸಾಕತ್ತೈತಿ. ದಿನಾ ಅನ್ನಿಸ್ತೈತಿ. ಕಡಿಗೆ ಬ್ಯಾಡ ಅಂತಲೂ ಅಂದ್ರ?"

ಅಜ್ಜ ಹೊಳೆಯನ್ನೇ ನೋಡುತ್ತಿದ್ದರು. ಕೇಳಿಸಿತೋ ಇಲ್ಲವೋ ಅಂತ ಅವಳು ಅವರ ಮುಖ ನೋಡಿದಳು.

"ನೀಲವ್ವಗ ಡಾಕ್ಟರು ಇನ್ನ ಮೂರು ತಿಂಗಳು ಅಂದ್ರು," ಅಂದರು.

ನೀಲವ್ವ ಅಂದರೆ ಅಜ್ಜನ ಹೆಂಡತಿ. ತೀರಿಹೋಗಿ ವರ್ಷದ ಮೇಲಾಗಿತ್ತು. ಅಂದಿನಿಂದ ಅಜ್ಜನ ಬಾಯಲ್ಲಿ ಆ ಹೆಸರನ್ನು ಯಾರೂ ಕೇಳಿರಲಿಲ್ಲ.

ಸುಗಲಾ ಮೊಬೈಲನ್ನು ಕೆಳಗಿಟ್ಟಳು.

"ಆವತ್ತಿಂದ ನಾ ಹೊರಗ ಕಟ್ಟಿ ಮ್ಯಾಲೆ ಕುಂತುಬಿಟ್ಟೆ. ಇಷ್ಟು ದಿನ ಹೋತು, ಇಷ್ಟು ಉಳೀತು ಅಂತ. ಒಳಗ ಹೋಗಾಕ ಕಾಲು ಬರ್ತಿದ್ದಿಲ್ಲ. ಅಕಿ ಮಾರಿ ನೋಡಿದ್ರ ಅಳು ಬರ್ತಿತ್ತು."

"ಆಮ್ಯಾಲೆ ರೀ?"

"ಒಂದಿನ ಒಳಗಿಂದ ಕೂಗಿದ್ಲು. ‘ಏನ್ರೀ, ನಾ ಇನ್ನೂ ಇದ್ದೀನಿ. ಒಳಗ ಬರ್ರಿ, ಇಬ್ರೂ ಕೂಡಿ ಉಣ್ಣೂಣು.’ ನೀನೂ ಈ ತಿಂಗಳು ಕಟ್ಟಿ ಮ್ಯಾಲೆ ಕುಂತು ದಿನ ಎಣಸಬ್ಯಾಡ ತಂಗಿ."