ಹಾಗಲಕಾಯಿ ಶರಬತ್ತು

1972ರ ಜನವರಿ 20ರ ನನ್ನ ದಿನಚರಿಯಲ್ಲಿ ಹೀಗಿದೆ: ಚನಬಸಪ್ಪ ಸಾಹುಕಾರರು ಎಣ್ಣೆಗಾಣ ಮಾರಿ ಹಾಗಲಕಾಯಿ ಶರಬತ್ತಿನ ಕಾರ್ಖಾನೆ ಹಾಕುತ್ತಾರಂತೆ!

ಗಾಣದಲ್ಲಿ ಶೇಂಗಾ ಹಸನು ಮಾಡುತ್ತಿದ್ದ ನೀಲವ್ವ ಮೊರ ಕೆಳಗಿಟ್ಟು ಸಾಹುಕಾರರ ಮುಂದೆ ನಿಂತಳು. ಗಾಣ ಹೋದರೆ ಅವಳ ಮನೆಯ ಒಲೆ ಉರಿಯುವುದಿಲ್ಲ.

"ಇದನ್ನ ಯಾರು ಕೊಳ್ತಾರ್ರೀ ಸಾಹುಕಾರ್ರ?"

"ಹುಚ್ಚಿ! ಓಣಿ ಮಂದಿಗೆಲ್ಲ ಕರದು ಕುಡಿಸೇನಿ. ಒಬ್ಬರರೆ ಚಲೋ ಇಲ್ಲ ಅಂದ್ರೇನು? ನಾಳೆ ನಮ್ಮ ಮನಿ ಅರಿಶಿನ ಕುಂಕುಮಕ್ಕ ಬಂದವರಿಗೆ ತೆಂಗಿನಕಾಯಿ ಬ್ಯಾಡ, ಒಂದೊಂದು ಬಾಟಲಿ ಕೊಡು."

ಮನೆಗೆ ಕರೆದು ಕೈಗೆ ಲೋಟ ಕೊಟ್ಟವರ ಎದುರು ಯಾರು ತಾನೇ ಮುಖ ಸಿಂಡರಿಸುತ್ತಾರೆ? ನೀಲವ್ವ ಹೂಂ ಎಂದಳು. ಮರುದಿನ ಬಾಗಿಲಲ್ಲಿ ಎರಡು ಬುಟ್ಟಿ ಇಟ್ಟಳು. ಒಂದರಲ್ಲಿ ಬಾಟಲಿ, ಇನ್ನೊಂದರಲ್ಲಿ ತೆಂಗಿನಕಾಯಿ.

"ಯಾವುದು ಬೇಕೋ ಒಂದು ತಗೊಳ್ರೆವ್ವಾ."

ಸಾಹುಕಾರರು ಕಿಟಕಿಯಿಂದ ನೋಡುತ್ತಿದ್ದರು. ಶರಬತ್ತನ್ನು ಬಾಯ್ತುಂಬ ಹೊಗಳಿದ್ದ ಹೆಂಗಸರೆಲ್ಲ ತೆಂಗಿನಕಾಯಿಯನ್ನೇ ಸೆರಗಿಗೆ ಹಾಕಿಕೊಂಡು ಹೋದರು. ಬಾಟಲಿ ಒಂದೂ ಕದಲಲಿಲ್ಲ.

ಕೊನೆಗೆ ಒಂದೇ ಕಾಯಿ ಉಳಿಯಿತು. ಒಳಗಿನಿಂದ ಒಬ್ಬರು ಓಡಿಬಂದು ಅದನ್ನೂ ಎತ್ತಿಕೊಂಡರು. ನೀಲವ್ವನೇ ಬೆಚ್ಚಿದಳು. ಸಾಹುಕಾರರ ಹೆಂಡತಿ!

"ಏ, ನೀನೂ? ದಿನಾ ಕುಡದು ಅಮೃತ ಅಂತಿದ್ದೆಲ್ಲ!"

"ಗಂಡನ ಮುಂದ ಮತ್ತೇನು ಅನ್ಬೇಕ್ರಿ?" ಎಂದು ಆಕೆ ಚಟ್ನಿ ಮಾಡಲು ಒಳಗೆ ಹೋದರು.

ಗಾಣ ಉಳಿಯಿತು. ಒಟ್ಟು ಖರ್ಚು: ಒಂದು ಬುಟ್ಟಿ ತೆಂಗಿನಕಾಯಿ, ಮತ್ತು ಎಂಟು ದಿನ ಆ ಮನೆಯಲ್ಲಿ ನಿಂತುಹೋದ ಗಂಡ ಹೆಂಡತಿಯ ಮಾತು.